ಒಂದೇ ವಸ್ತು ಹಿಡಿದು ಬಂದವರನ್ನು ಮುಂದೆ ಬಿಡಬೇಕೇ?

ಮಳೆಬಿಲ್ಲು: ತುಂಬಿದ ಟ್ರಾಲಿಯೊಂದಿಗೆ ಬಿಲ್ಲಿಂಗ್ ಕೌಂಟರ್‌ನ ಸಾಲಿನಲ್ಲಿ ನಿಂತಿರುತ್ತೇವೆ. ಒಂದೇ ವಸ್ತು ಹಿಡಿದ ಅಪರಿಚಿತರೊಬ್ಬರು ಬಂದು ಮುಂದೆ ಬಿಡುತ್ತೀರಾ ಎಂದು ಕೇಳುತ್ತಾರೆ. ಬಿಡುವುದೇ ಸೌಜನ್ಯ ಎಂಬುದು ನನ್ನ ನಂಬಿಕೆ. ನೀವು ಏನು ಹೇಳುತ್ತೀರಿ?

ದಾರಿಹೋಕ: ಖಂಡಿತ ಬಿಡಬೇಕು. ನಿಮ್ಮ ಬಿಲ್‌ಗೆ 8 ನಿಮಿಷ, ಅವರದಕ್ಕೆ 1 ನಿಮಿಷ ಎಂದಿಟ್ಟುಕೊಳ್ಳಿ. ನೀವು ಮೊದಲಾದರೆ ಅವರು 8 ನಿಮಿಷ ಕಾಯಬೇಕು. ಅವರು ಮೊದಲಾದರೆ ನೀವು ಕಾಯುವುದು 1 ನಿಮಿಷ. ಚಿಕ್ಕ ಕೆಲಸ ಮೊದಲು ಮುಗಿಸಿದರೆ ಸರಾಸರಿ ಕಾಯುವಿಕೆ ಇಳಿಯುತ್ತದೆ. ಕಂಪ್ಯೂಟರ್‌ಗಳಲ್ಲೂ ಈ ಕ್ರಮ ಬಳಕೆಯಲ್ಲಿದೆ.

ಕೊನೆಯ ಸಾಲು: ದಾರಿಹೋಕ ಅವರೇ, ಲೆಕ್ಕ ಸರಿ, ಆದರೆ ಅದರಲ್ಲಿ ಇಬ್ಬರೇ ಇದ್ದಾರೆ. ಕೇಳಿದವರು ನಿಮ್ಮ ಬೆನ್ನ ಹಿಂದೆಯೇ ನಿಂತಿದ್ದರೆ ಆ ಒಂದು ನಿಮಿಷ ನಿಮ್ಮೊಬ್ಬರದು. ಅವರ ಹಿಂದಿನವರಿಗೆ ಏನೂ ವ್ಯತ್ಯಾಸವಾಗುವುದಿಲ್ಲ. ಸಾಲಿನ ತುದಿಯಿಂದ ಬಂದವರಾದರೆ ನಡುವೆ ನಿಂತ ಐವರ ಸಮಯವನ್ನೂ ನೀವು ದಾನ ಮಾಡಿದಂತಾಯಿತು, ಅವರನ್ನು ಒಂದು ಮಾತೂ ಕೇಳದೆ. ಧನ್ಯವಾದ ಮಾತ್ರ ನಿಮಗೊಬ್ಬರಿಗೇ ಸಲ್ಲುತ್ತದೆ. ಇದು ನನಗೆ ನಿಜಕ್ಕೂ ನೋವು ತರುವ ವಿಷಯ.

ನೆಲಸಂಪಿಗೆ: ಕಾರಣ ಹೇಳಿ ಕೇಳಿದರೆ ಜನ ಕರಗುತ್ತಾರೆ. ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಜೆರಾಕ್ಸ್ ಯಂತ್ರದ ಬಳಿ 5 ಪುಟಕ್ಕೆ ಸುಮ್ಮನೆ ಜಾಗ ಕೇಳಿದಾಗ ಶೇ 60 ಮಂದಿ ಬಿಟ್ಟುಕೊಟ್ಟರು. ಅವಸರದಲ್ಲಿದ್ದೇನೆ ಎಂದಾಗ ಶೇ 94. ಪ್ರತಿ ತೆಗೆಯಬೇಕಿದೆ ಎಂಬ ಕಾರಣವಲ್ಲದ ಕಾರಣಕ್ಕೂ ಶೇ 93!

ಕೊನೆಯ ಸಾಲು: ಅದೇ ಪ್ರಯೋಗದ ಉಳಿದರ್ಧವನ್ನೂ ಹೇಳಿ. 20 ಪುಟ ಎಂದಾಗ ಆ ಟೊಳ್ಳು ಕಾರಣಕ್ಕೆ ಶೇ 24 ಮಂದಿ ಮಾತ್ರ ಒಪ್ಪಿದರು, ನಿಜವಾದ ಅವಸರಕ್ಕೆ ಶೇ 42. ತಾವು ತೆರುವುದು ಎಷ್ಟು ಎಂದು ಜನ ತೂಗಿ ನೋಡುತ್ತಾರೆ. ಹಿಂದೆ ನಿಂತವರಿಗೆ ಆ ಅವಕಾಶವೇ ಸಿಗುವುದಿಲ್ಲ.

ಗಲ್ಲಾದ ಆಚೆ: ನಾನು ಕೌಂಟರ್‌ನಲ್ಲಿ ಕೆಲಸ ಮಾಡುವವಳು. ಸಾಲು ಕೆಡುವುದು ಹೆಚ್ಚಾಗಿ ಹೀಗಲ್ಲ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಮೊತ್ತ ಹೇಳಿದ ಮೇಲೆ ಪರ್ಸ್ ಹುಡುಕಲು ಶುರು ಮಾಡುವವರಿದ್ದಾರೆ. ಫೋನಿನಲ್ಲಿ ಮಾತನಾಡುತ್ತಲೇ ಕಾರ್ಡ್ ಚಾಚುವವರಿದ್ದಾರೆ. ಚೀಲ ಬೇಕೇ ಎಂದು ಕೇಳಿದರೆ ಕಣ್ಣು ಕೆಂಪಾಗುತ್ತದೆ. ಬಾರ್‌ಕೋಡ್ ಓದದಿದ್ದರೆ ತಪ್ಪು ನಮ್ಮದೆಂಬ ನೋಟ. ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಬೇರೆ: ವಯಸ್ಸಾದವರು ಚಿಲ್ಲರೆ ಎಣಿಸುವಾಗ ಹಿಂದಿನಿಂದ ಕೇಳಿಸುವ ನಿಟ್ಟುಸಿರು. ಅದು ಕಿವಿಗೆ ಬಿದ್ದೊಡನೆ ಅವರ ಬೆರಳು ತಡವರಿಸುತ್ತದೆ, ಎಣಿಕೆ ತಪ್ಪುತ್ತದೆ, ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತದೆ. ಅವಸರಪಡಿಸಿದವರೇ ಇನ್ನಷ್ಟು ಕಾಯುತ್ತಾರೆ.

ದಾರಿಹೋಕ: ನೆದರ್ಲೆಂಡ್ಸ್‌ನ ಅಂಗಡಿ ಸರಣಿಯೊಂದು 2019ರಲ್ಲಿ, ಅವಸರವಿಲ್ಲದೆ ಮಾತನಾಡಲು ಬಯಸುವವರಿಗೆ ಪ್ರತ್ಯೇಕ ಕೌಂಟರ್ ತೆರೆಯಿತು. ಇಂಥದ್ದು ಎಲ್ಲೆಡೆ ಬರಬೇಕು.

ಗಲ್ಲಾದ ಆಚೆ: ಬರಲಿ. ಆದರೆ ನಿಧಾನದವರು ಅಲ್ಲಿಗೇ ಹೋಗಲಿ ಎಂದು ಜನ ಬೆರಳು ತೋರಿಸದಿರಲಿ.

ಮಳೆಬಿಲ್ಲು: ಕೊನೆಯ ಸಾಲು ಅವರೇ, ತುದಿಯಿಂದ ಬಂದವರನ್ನು ನಾನು ಏನು ಮಾಡಬೇಕು?

ಕೊನೆಯ ಸಾಲು: ನಿಮ್ಮ ಜಾಗವನ್ನು ಅವರಿಗೆ ಕೊಟ್ಟು, ಅವರ ಜಾಗಕ್ಕೆ ನೀವು ಹೋಗಿ. ಆಗ ತೆರುವವರು ನೀವೊಬ್ಬರೇ. ನಡುವಿನವರಿಗಂತೂ ಲಾಭ: ನಿಮ್ಮ 8 ನಿಮಿಷದ ಬದಲು ಅವರ 1 ನಿಮಿಷ ಕಾದರೆ ಸಾಕು.

ನೆಲಸಂಪಿಗೆ: ಅಷ್ಟು ದೊಡ್ಡ ಮನಸ್ಸನ್ನು ಎಲ್ಲರಿಂದಲೂ ನಿರೀಕ್ಷಿಸುವುದು ಅತಿಯಾಯಿತು.

ಗಲ್ಲಾದ ಆಚೆ: ಜಾಗ ಅದಲುಬದಲು ಮಾಡಿಕೊಂಡವರನ್ನು ನಾನು ಕಂಡಿಲ್ಲ. ಹಿಂದೆ ತಿರುಗಿ “ಇವರನ್ನು ಬಿಡೋಣವೇ?” ಎಂದು ಗಟ್ಟಿಯಾಗಿ ಕೇಳಿದವರನ್ನು ಕಂಡಿದ್ದೇನೆ. ಹೆಚ್ಚಿನವರು ತಲೆಯಾಡಿಸುತ್ತಾರೆ. ಯಾರಾದರೂ ಬೇಡ ಎಂದರೆ ಅವರನ್ನು ದುರುಗುಟ್ಟಿ ನೋಡಬೇಡಿ, ಅವರಿಗೂ ಅವಸರವಿರಬಹುದು.