ಚಿಕ್ಕಜ್ಜನ ಕಾಲಕ್ಕೆ ಮದ್ದೇ ಇರಲಿಲ್ಲವಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಸದಸ್ಯೆ): ನಮಸ್ತೆ ಡಾಕ್ಟ್ರೇ. ನಮ್ಮ ಅಜ್ಜನ ತಮ್ಮನಿಗೆ ಹರೆಯದಲ್ಲೇ ತಲೆ ಕೆಟ್ಟಿತ್ತಂತೆ. 1940ರ ದಶಕದ ಮಾತು. ಗಾಳಿ ಸೋಕಿದೆ ಅಂತ ಪಾತ್ರಿಗಳ ಹತ್ತಿರ ಕರ್ಕೊಂಡು ಹೋದ್ರು, ತಾಯಿತ ಕಟ್ಟಿಸಿದ್ರು. ಕೊನೆಗೆ ಕೊಟ್ಟಿಗೆ ಪಕ್ಕದ ಕೋಣೇಲಿ ಕಾಲಿಗೆ ಸರಪಳಿ ಹಾಕಿ ಇಟ್ಟಿದ್ರಂತೆ. ಅಲ್ಲೇ ತೀರಿಕೊಂಡ್ರು. ಈಗ ದೊಡ್ಡಪ್ಪನ ಮಗನಿಗೆ ಸ್ಕಿಜೋಫ್ರೇನಿಯಾ, ಅಂದ್ರೆ ಇಲ್ಲದ ದನಿ ಕೇಳೋ, ಸಂಶಯ ಹುಟ್ಟೋ ಮನಸ್ಸಿನ ಕಾಯಿಲೆ, ಅಂದಿದ್ದಾರೆ. ಮನೇಲಿ ಎಲ್ಲರಿಗೂ ಆ ಸರಪಳಿಯೇ ಕಣ್ಣಮುಂದೆ ಬರ್ತಿದೆ. ಆಗ ಮದ್ದೇ ಇರಲಿಲ್ವಾ, ನಮ್ಮವರು ಕೊಡಿಸಲಿಲ್ವಾ?

ಉತ್ತರ (ಮನೋವೈದ್ಯರು, ಶಿವಮೊಗ್ಗ): ನೆಚ್ಚಬಹುದಾದ ಮದ್ದು ಆಗ ಲೋಕದ ಯಾವ ಊರಲ್ಲೂ ಇರಲಿಲ್ಲಮ್ಮ. ಬೆಂಗಳೂರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಇತ್ತು, ಈಗಿನ ನಿಮ್ಹಾನ್ಸ್‌ನ ಮೂಲ ಅದೇ. ಆದರೆ ಮಳೆಗಾಲದಲ್ಲಿ ಹೊಳೆ ದಾಟುವುದೇ ಕಷ್ಟವಾಗಿದ್ದ ಕಾಲದಲ್ಲಿ, ಹಿಡಿತಕ್ಕೆ ಸಿಗದ ಹುಡುಗನನ್ನು ಅಲ್ಲಿಗೆ ಒಯ್ಯುವವರು ಯಾರು? ಒಯ್ದಿದ್ದರೂ ಹೆಚ್ಚಿನಂಶ ಕಾವಲು, ಊಟ, ಒಂದಿಷ್ಟು ಆರೈಕೆ ಸಿಗುತ್ತಿತ್ತು, ಅಷ್ಟೇ.

ದೊಡ್ಡ ದೊಡ್ಡ ದೇಶಗಳು ಆಗ ಏನು ಮಾಡುತ್ತಿದ್ದವು ಅಂತ ತಿಳಿದರೆ ನಿಮ್ಮ ಹಿರಿಯರ ಮೇಲಿನ ಸಿಟ್ಟು ಸ್ವಲ್ಪ ಇಳಿಯಬಹುದು. 1917ರಲ್ಲಿ ವಿಯೆನ್ನಾದ ವಾಗ್ನರ್ ಯೌರೆಗ್, ಸಿಫಿಲಿಸ್ ಮಿದುಳಿಗೇರಿ ಬುದ್ಧಿ ಕೆಟ್ಟವರಿಗೆ ಬೇಕೆಂದೇ ಮಲೇರಿಯಾ ಬರಿಸಿದರು, ಜ್ವರದ ಕಾವಿಗೆ ರೋಗ ಇಳಿಯಲಿ ಅಂತ. ನಮ್ಮ ಮಲೆನಾಡಲ್ಲಿ ಮನೆಮನೆಯನ್ನೇ ಬರಿದು ಮಾಡುತ್ತಿದ್ದ ಅದೇ ಮಲೇರಿಯಾ! ಅದಕ್ಕೆ 1927ರಲ್ಲಿ ನೊಬೆಲ್ ಬಂತು. ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲೊಬಾಟಮಿಯನ್ನು 1935ರಲ್ಲಿ ಶುರು ಮಾಡಿದ ಪೋರ್ಚುಗಲ್ಲಿನ ಮೊನಿಜ್‌ಗೂ 1949ರಲ್ಲಿ ನೊಬೆಲ್ ಸಿಕ್ಕಿತು. ಎಷ್ಟೋ ಜನ ಅದರಿಂದ ಉತ್ಸಾಹ, ಮಾತು, ನಗು ಎಲ್ಲ ಕಳೆದುಕೊಂಡು ಕೂತುಬಿಟ್ಟರು. ಅದಕ್ಕೂ ನೂರೈವತ್ತು ವರ್ಷ ಹಿಂದೆಯೇ ಪ್ಯಾರಿಸ್ಸಿನ ಬಿಸೇತ್ರ್ ಆಸ್ಪತ್ರೆಯಲ್ಲಿ ಪ್ಯುಸ್ಸಾಂ ಎಂಬ ಮೇಲ್ವಿಚಾರಕ ಸರಪಳಿ ಕಳಚಿಸಿದ್ದ. ಹೆಸರೆಲ್ಲ ಅಲ್ಲಿನ ವೈದ್ಯ ಪಿನೆಲ್‌ಗೆ ಹೋಯಿತು ಅನ್ನೋದು ಬೇರೆ ಮಾತು. ಕರುಣೆ ಮೊದಲು ಬಂತು, ಕ್ರೌರ್ಯ ಆಮೇಲೆ ಮತ್ತೆ ಬಂತು. ಈ ಚರಿತ್ರೆ ನೇರ ದಾರಿಯಲ್ಲಿ ನಡೆದೇ ಇಲ್ಲ.

ನಿಜವಾದ ತಿರುವು 1952. ಪ್ಯಾರಿಸ್ಸಿನ ಮನೋವೈದ್ಯರಾದ ಡಿಲೇ ಮತ್ತು ಡೆನಿಕರ್ ಕ್ಲೋರ್‌ಪ್ರೊಮಝೀನ್ ಎಂಬ ಮದ್ದು ಕೊಟ್ಟಾಗ, ಕಿವಿಯಲ್ಲಿ ಕೇಳುವ ದನಿಗಳು, ಸಂಶಯಗಳು ಇಳಿಯತೊಡಗಿದವು. ಕೈ ನಡುಕ, ಮೈ ಬಿಗಿತದಂಥ ತೊಂದರೆ ಅದಕ್ಕಿತ್ತು. ಈಗಿನ ಹಲವು ಮಾತ್ರೆಗಳಲ್ಲಿ ಅದು ಕಡಿಮೆ, ಆದರೆ ತೂಕ, ಸಕ್ಕರೆ ಏರದಂತೆ ನೋಡಿಕೊಳ್ಳಬೇಕು.

ಪ್ರಶ್ನೆ (ಸಾಗರದಿಂದ): ಸರ್, ನಮ್ಮ ಬೆಟ್ಟದಲ್ಲಿ ಸರ್ಪಗಂಧ ಇದೆ. ಹುಚ್ಚಿಗೆ ಅದರ ಬೇರು ಒಳ್ಳೇದು ಅಂತಿದ್ರು ಹಳಬರು. ಸುಳ್ಳಾ?

ಉತ್ತರ: ಸುಳ್ಳಲ್ಲ. ನಾನು ಮೇಲೆ ‘ನೆಚ್ಚಬಹುದಾದ’ ಅಂದದ್ದು ಈ ಬೇರನ್ನು ನೆನೆಸಿಕೊಂಡೇ. 1931ರಲ್ಲಿ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಆಗುತ್ತದೆ ಅಂತ ಬರೆದಿದ್ದರು. 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಸತ್ವ ಬೇರ್ಪಡಿಸಿದರು, ಕೆಲ ವರ್ಷ ಹೊರದೇಶಗಳಲ್ಲೂ ಬಳಸಿದರು. ಆದರೆ ಅದು ಬಿಪಿಯನ್ನು ತೀರಾ ಇಳಿಸಬಹುದು, ಕೆಲವರನ್ನು ಖಿನ್ನತೆಗೆ ತಳ್ಳಬಹುದು. ಬೇರಿನಲ್ಲಿ ಸತ್ವ ಎಷ್ಟಿದೆ ಅಂತ ಮನೆಯಲ್ಲಿ ಅಳೆಯಲಾಗದು. ಮಾತ್ರೆ ತಗೊಳ್ಳುವವರಿಗೆ ಕಷಾಯ ಮಾಡಿ ಕುಡಿಸಬೇಡಿ, ದಯವಿಟ್ಟು.

ಮೊದಲ ಸದಸ್ಯೆ: ದೊಡ್ಡಮ್ಮ ದೇವಸ್ಥಾನಕ್ಕೆ ಕರ್ಕೊಂಡು ಹೋಗ್ತೀನಿ ಅಂತಿದ್ದಾರೆ, ಆಸ್ಪತ್ರೆಗೆ ಹೋದ್ರೆ ಕರೆಂಟ್ ಕೊಡ್ತಾರಂತೆ ಅನ್ನೋ ಹೆದರಿಕೆ.

ಉತ್ತರ: ದೇವಸ್ಥಾನಕ್ಕೆ ಧಾರಾಳವಾಗಿ ಹೋಗಲಿ, ಮಾತ್ರೆ ಜೊತೆಗಿರಲಿ. ಅಮ್ಮ ಕೈ ಹಿಡಿದು ನಡೆಸಿಕೊಂಡು ಹೋಗುವುದನ್ನು ನಾನು ಬೇಡ ಅನ್ನುವುದಿಲ್ಲ. 1950ರ ದಶಕದಲ್ಲೇ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆ ಅಂಗಳದಲ್ಲಿ ಡೇರೆ ಹಾಕಿಸಿ ಮನೆಯವರನ್ನು ರೋಗಿಯ ಜೊತೆ ಉಳಿಸಿಕೊಂಡಿದ್ದರು. ಹಾಗೆ ಇದ್ದವರು ಬೇಗ ಚೇತರಿಸಿಕೊಂಡು ಮನೆಗೆ ಹೋಗುತ್ತಿದ್ದರು. ಕಟ್ಟಿಹಾಕುವ ಜಾಗಕ್ಕೆ ಮಾತ್ರ ಬೇಡವೇ ಬೇಡ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಆಶ್ರಮಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಕಾರಣ ಓಡಲಾಗದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಈಗ ಸರಪಳಿ ಹಾಕುವುದನ್ನೇ ನಿಷೇಧಿಸಿದೆ.

ತಲೆಗೆ ವಿದ್ಯುತ್ ಹಾಯಿಸುವ ಕರೆಂಟ್ ಚಿಕಿತ್ಸೆ 1938ರಲ್ಲಿ ರೋಮ್‌ನಲ್ಲಿ ಶುರುವಾದಾಗ ಎಚ್ಚರದಲ್ಲೇ ಕೊಡುತ್ತಿದ್ದರು, ದೊಡ್ಡಮ್ಮನ ಭಯ ಅಲ್ಲಿಂದ ಬಂದದ್ದು. ಈಗ ಅರಿವಳಿಕೆ ಇಲ್ಲದೆ ಕೊಡುವುದನ್ನು ಅದೇ ಕಾಯ್ದೆ ತಡೆದಿದೆ. ಎಲ್ಲರಿಗೂ ಅದು ಬೇಕಾಗುವುದೂ ಇಲ್ಲ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಹುಡುಗನ ಜೊತೆ ದೊಡ್ಡಮ್ಮನೂ ಬರಲಿ, ಅವರ ಹೆದರಿಕೆಗಳನ್ನೆಲ್ಲ ವೈದ್ಯರ ಮುಂದೆಯೇ ಕೇಳಲಿ. ಮಾತ್ರೆ ಪೂರ್ತಿ ಹಿಡಿಯಲು ಕೆಲವು ವಾರ ಬೇಕು, ಹುಷಾರಾದ ಅಂತ ನಡುವೆ ನಿಲ್ಲಿಸಬೇಡಿ. ರಾತ್ರಿ ಹೊತ್ತು ಏನು ಮಾಡಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ 14416 ಒತ್ತಿ, ಕನ್ನಡದಲ್ಲೇ ಮಾತಾಡುತ್ತಾರೆ.