ಹೊಸ ಕಾರಿಗೆ ಮೊದಲ 1000 ಕಿಮೀ: ನಿಧಾನ ಅಂದರೆ ಎಷ್ಟು ನಿಧಾನ?

ಪ್ರಶ್ನೆ: ಹೊಸಗಾಡಿ

ನಮಸ್ಕಾರ. ಹೊಸ ಕಾರು ತಗೊಂಡಿದ್ದೇನೆ. ಪೆಟ್ರೋಲ್, ಟರ್ಬೊ, ಮ್ಯಾನುವಲ್ ಗೇರ್. ಮೀಟರ್ ಇನ್ನೂ 200 ಕಿಮೀ ದಾಟಿಲ್ಲ. ಕೀ ಕೊಡುವಾಗ "1000 ಕಿಮೀ ತನಕ ಸ್ವಲ್ಪ ನಿಧಾನಕ್ಕೆ ಓಡಿಸಿ" ಎಂದರು. ನಿಧಾನ ಅಂದರೆ ಎಷ್ಟು ಎಂದು ಕೇಳಿದೆ. "ಸುಮ್ನೆ ಆರಾಮಾಗಿ ಹೋಗಿ ಸರ್" ಎಂದರು, ಅಷ್ಟೇ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಪ್ಪ 50 ದಾಟಬೇಡ ಎನ್ನುತ್ತಾರೆ. ಭಾವನದು ಪೂರ್ತಿ ಉಲ್ಟಾ. ಈಗಿನ ಎಂಜಿನ್‌ಗಳಿಗೆ ಇದೆಲ್ಲ ಬೇಕಿಲ್ಲ, ಮೊದಲ ದಿನದಿಂದಲೇ ಎಳೆದು ಓಡಿಸಿದರೆ ಗಾಡಿ ಕೊನೆತನಕ ಚುರುಕಾಗಿರುತ್ತದೆ ಅಂತೆ. ಸದ್ಯಕ್ಕೆ ಅಪ್ಪನ ಮಾತಿನಂತೆ ಟಾಪ್ ಗೇರ್‌ಗೆ ಹಾಕಿ 45-50ರಲ್ಲೇ ಹೋಗುತ್ತಿದ್ದೇನೆ. ಆರ್‌ಪಿಎಂ ಮುಳ್ಳು (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವುದು) 1200ರ ಹತ್ತಿರ ಇರುತ್ತದೆ. ಏರು ಬಂದರೆ ಗಾಡಿ ಗುರುಗುರು ಅಂದು ಸ್ಟೀರಿಂಗ್ ತನಕ ನಡುಕ ಬರುತ್ತದೆ. ಅದು ಸರಿಯಾ?

ಮುಂದಿನ ವಾರ ಮನೆಮಂದಿಯೆಲ್ಲ ಹೈವೇಯಲ್ಲಿ ದೂರ ಹೋಗಬೇಕಿದೆ. ಈ ಗಾಡಿಯಲ್ಲೇ ಹೋಗಬಹುದಾ? ಮೊದಲ ಆಯಿಲ್ ಬೇಗ ಬದಲಾಯಿಸಬೇಕಾ? ಇದು ತುಂಬಾ ವರ್ಷ ಇಟ್ಟುಕೊಳ್ಳುವ ಗಾಡಿ. ಬಲ್ಲವರು ಬಿಡಿಸಿ ಹೇಳಿ.

ಉತ್ತರ: ಬೋರಿಂಗ್ ಕೆಲಸದವ

ಸರ್, ಮೊದಲು ಆ ಟಾಪ್ ಗೇರ್ ಓಟ ಇವತ್ತೇ ನಿಲ್ಲಿಸಿ. ಉಳಿದದ್ದು ಆಮೇಲೆ.

1200 ಆರ್‌ಪಿಎಂನಲ್ಲಿ ಏರು ಹತ್ತಿಸುವುದು ಎಂಜಿನ್‌ಗೆ ಆರಾಮ ಅಲ್ಲ, ಹಿಂಸೆ. ಆಯಿಲ್ ಪಂಪ್ ತಿರುಗುವುದು ಎಂಜಿನ್ ಜೊತೆಗೆ. ಆರ್‌ಪಿಎಂ ಕಡಿಮೆ ಇದ್ದರೆ ಆಯಿಲ್ ಪ್ರೆಶರ್ ಕೂಡ ಕಡಿಮೆ. ಅದೇ ಹೊತ್ತಿಗೆ ಪಿಸ್ಟನ್ ಮೇಲಿನ ಒತ್ತಡ ಮಾತ್ರ ಜಾಸ್ತಿ. ಬೇರಿಂಗ್‌ಗಳ ನಡುವಿನ ಆಯಿಲ್ ಪದರ ತೆಳ್ಳಗಾಗುವುದು ಇಂಥ ಕಡೆಯೇ. ನಿಮ್ಮದು ಟರ್ಬೊ ಬೇರೆ. ಸಿಲಿಂಡರ್ ಒಳಗೇ ನೇರವಾಗಿ ಪೆಟ್ರೋಲ್ ಸಿಂಪಡಿಸುವ ಟರ್ಬೊ ಎಂಜಿನ್‌ಗಳಲ್ಲಿ ಕಡಿಮೆ ಆರ್‌ಪಿಎಂ, ಜಾಸ್ತಿ ಭಾರ ಇದ್ದಾಗ ಸ್ಪಾರ್ಕ್ ಬರುವ ಮೊದಲೇ ಒಳಗೆ ಬೆಂಕಿ ಹೊತ್ತಿಕೊಳ್ಳುವ ಅಪಾಯ ಇದೆ. ಪಿಸ್ಟನ್ ಒಡೆಯುವಷ್ಟು ಜೋರಾಗಿ ಹೊಡೆಯಬಲ್ಲದು ಅದು. 2018ರಲ್ಲಿ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎನ್ ಪ್ಲಸ್ ಎಂಬ ಆಯಿಲ್ ದರ್ಜೆ ಬಂದದ್ದು ಮುಖ್ಯವಾಗಿ ಈ ತೊಂದರೆಗಾಗಿ. ಅಪ್ಪನವರ ಕಾಳಜಿ ಸರಿ. ಆದರೆ ನೋಡಬೇಕಾದ ಮುಳ್ಳು ಸ್ಪೀಡಿನದಲ್ಲ, ಆರ್‌ಪಿಎಂದು. ಗಾಡಿ ಗುರುಗುರು ಅಂದ ತಕ್ಷಣ ಗೇರ್ ಇಳಿಸಿ.

ಈಗ ಒಳಗೆ ಏನು ನಡೆಯುತ್ತದೆ ನೋಡೋಣ. ನಾನು ಎಂಜಿನ್ ಬ್ಲಾಕ್‌ಗಳಿಗೆ ಬೋರಿಂಗ್ (ಸಿಲಿಂಡರ್ ಕೊರೆಯುವುದು), ಹೋನಿಂಗ್ (ಅದರ ಗೋಡೆಯನ್ನು ಕಲ್ಲಿನಿಂದ ಉಜ್ಜುವುದು) ಮಾಡುವ ಕೆಲಸದಲ್ಲಿದ್ದೇನೆ. ಪಿಸ್ಟನ್ ಓಡಾಡುವ ಸಿಲಿಂಡರ್‌ನ ಒಳಗೋಡೆ ಕನ್ನಡಿಯ ಹಾಗೆ ನುಣ್ಣಗಿರುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಇಲ್ಲ. ಹೊಸ ಬೋರ್‌ಗೆ, ಅಂದರೆ ಸಿಲಿಂಡರ್ ಒಳಗೆ, ಲ್ಯಾಂಪ್ ಹಿಡಿದು ಓರೆಯಾಗಿ ನೋಡಿದರೆ ಒಂದರ ಮೇಲೊಂದು ಅಡ್ಡಡ್ಡ ಹಾಯ್ದ ಸಣ್ಣ ಗೀರುಗಳು ಕಾಣುತ್ತವೆ. ಹೋನಿಂಗ್ ಕಲ್ಲು ತಿರುಗುತ್ತಲೇ ಮೇಲೆ ಕೆಳಗೆ ಓಡಾಡುವುದರಿಂದ ಬರುವ ಗೀರು ಇವು. ಬೇಕೆಂದೇ ಹಾಕುತ್ತೇವೆ. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲಬೇಕು. ಗೀರಿನ ಏಣು ಮಾತ್ರ ಪಿಸ್ಟನ್ ರಿಂಗ್ (ಪಿಸ್ಟನ್ ಸುತ್ತ ಕೂರುವ ಲೋಹದ ಬಳೆ) ಉಜ್ಜಿ ಉಜ್ಜಿ ಸವೆಯಬೇಕು. ರಿಂಗ್ ಕೂಡ ಆ ಬೋರ್‌ಗೆ ತಕ್ಕ ಹಾಗೆ ಸವೆದು ಸುತ್ತಲೂ ಸರಿಯಾಗಿ ಕೂತುಕೊಳ್ಳಬೇಕು. ಇದಕ್ಕೇ ನಾವು ರಿಂಗ್ ಸೆಟ್ ಆಗುವುದು ಎನ್ನುವುದು.

ಮುಖ್ಯವಾದದ್ದು ಇಲ್ಲಿದೆ. ರಿಂಗ್‌ಗೆ ತನ್ನದೇ ಸ್ಪ್ರಿಂಗ್ ಬಲ ಇದೆ, ಆದರೆ ಅದು ಸಾಲದು. ಪೆಟ್ರೋಲ್ ಉರಿದಾಗ ಹುಟ್ಟುವ ಗ್ಯಾಸ್ ರಿಂಗಿನ ಹಿಂಬದಿಗೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ. ನೀವು ಎಕ್ಸಲರೇಟರ್ ಸ್ವಲ್ಪ ಒತ್ತಿದರೆ ತಾನೇ ಆ ಒತ್ತಡ ಬರುವುದು? ಪೆಡಲ್ ಮೇಲೆ ಕಾಲೇ ಊರದೆ ತಿಂಗಳುಗಟ್ಟಲೆ ಓಡಿಸಿದರೆ ರಿಂಗ್ ಅರ್ಧಂಬರ್ಧ ಉಜ್ಜುತ್ತದೆ. ಸಂದಿಯಲ್ಲಿ ಉಳಿದ ಆಯಿಲ್ ಬಿಸಿಗೆ ಸುಟ್ಟು ಗೀರಿನ ತಗ್ಗಿಗೆ ತುಂಬಿಕೊಂಡು ವಾರ್ನಿಶ್ ಬಳಿದ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ರಿಂಗ್‌ಗೆ ಉಜ್ಜಲು ಏಣೂ ಇಲ್ಲ, ಆಯಿಲ್ ನಿಲ್ಲಲು ತಗ್ಗೂ ಇಲ್ಲ. ಅಂಥ ಬ್ಲಾಕ್ ನಮ್ಮ ಟೇಬಲ್ ಮೇಲೆ ಬರುತ್ತದೆ. ಲ್ಯಾಂಪ್ ಹಿಡಿದರೆ ಕಂದು ಮಿಶ್ರಿತ ಹೊಳಪು, ಉಗುರು ಎಳೆದರೆ ಜಾರುತ್ತದೆ. ಗಾಡಿಯವರು ಹೇಳುವುದು ಒಂದೇ ಮಾತು: "ತುಂಬಾ ಜೋಪಾನವಾಗಿ ಓಡಿಸಿದೆ, ಆದರೂ ಆಯಿಲ್ ಕುಡಿಯುತ್ತದೆ." ಕೇಳಿದರೆ ಹೊಟ್ಟೆ ಚುರುಕ್ ಎನ್ನುತ್ತದೆ. ಯಾಕೆಂದರೆ ಅವರು ನಿಜವಾಗಿಯೂ ಜೋಪಾನ ಮಾಡಿದವರೇ.

ಹಾಗಂತ ಪೆಡಲ್ ನೆಲಕ್ಕೆ ತಾಗಿಸಬೇಡಿ. ಹೊಸ ಏಣುಗಳು ಉಜ್ಜಿದಲ್ಲಿ ಬಿಸಿ ಜಾಸ್ತಿ. ಒಮ್ಮೆಲೇ ಪೂರ್ತಿ ಭಾರ ಹಾಕಿದರೆ ಏಣು ನಯವಾಗಿ ಸವೆಯುವ ಬದಲು ಕಿತ್ತು ಬಂದು ಗೋಡೆಗೆ ಗೆರೆ ಬೀಳಬಹುದು.

ನಾನು ಹೇಳುವುದು ಹೀಗೆ. ರಸ್ತೆ ಖಾಲಿ ಇರುವಾಗ 3ನೇ ಗೇರ್‌ನಲ್ಲಿ 2000 ಆರ್‌ಪಿಎಂನಿಂದ ಸುಮಾರು 3500 ತನಕ ಅರ್ಧ ಪೆಡಲ್‌ನಲ್ಲಿ ಏರಿಸಿ. ಕಾಲು ತೆಗೆಯಿರಿ. ಗೇರ್‌ನಲ್ಲೇ ಇದ್ದು ತಾನಾಗಿ 2000ಕ್ಕೆ ಇಳಿಯಲಿ. ಸ್ವಲ್ಪ ದೂರ ಮಾಮೂಲಿಯಾಗಿ ಹೋಗಿ, ಮತ್ತೆ ಹಾಗೇ ಮಾಡಿ. 4ನೇ ಗೇರ್‌ನಲ್ಲೂ ಮಾಡಿ. ಮೊದಮೊದಲು 3000ಕ್ಕೆ ಸಾಕು ಮಾಡಿ, ಕಿಮೀ ಹೆಚ್ಚಿದ ಹಾಗೆ ಮೇಲಕ್ಕೆ ಬಿಡುತ್ತಾ ಬನ್ನಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಮಿತಿ ಕೊಟ್ಟಿದ್ದರೆ ಅದೇ ಕೊನೆ ಮಾತು. ಗ್ಲೋವ್ ಬಾಕ್ಸ್‌ನಲ್ಲಿರುವ ಆ ಪುಸ್ತಕದಲ್ಲಿ ರನ್-ಇನ್‌ಗೆ (ಹೊಸ ಗಾಡಿಯನ್ನು ಪಳಗಿಸುವ ಈ ಮೊದಲ ಓಟಕ್ಕೆ) ಎಂದೇ ಸಾಮಾನ್ಯವಾಗಿ ಒಂದು ಪುಟ ಇರುತ್ತದೆ, ದಯವಿಟ್ಟು ತೆಗೆದು ಓದಿ.

ಬೆಳಗ್ಗೆ ಸ್ಟಾರ್ಟ್ ಮಾಡಿ ನಿಂತಲ್ಲೇ ಹತ್ತು ನಿಮಿಷ ಬಿಡುವವರಿದ್ದಾರೆ. ಬೇಡ. ತಣ್ಣಗಿದ್ದಾಗ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಉರಿಯದೆ ಉಳಿದದ್ದು ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತದೆ. ಅರ್ಧ ನಿಮಿಷ ಬಿಟ್ಟು ಮೆತ್ತಗೆ ಹೊರಡಿ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂತು ಎಂದ ಮಾತ್ರಕ್ಕೆ ಎಳೆಯಬೇಡಿ. ಅದು ಎಂಜಿನ್ ತಣಿಸುವ ಕೂಲೆಂಟ್ ದ್ರವದ ಬಿಸಿ. ಆಯಿಲ್ ಬಿಸಿಯಾಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಇನ್ನೊಂದು ಹತ್ತು ನಿಮಿಷ ಓಡಲಿ. ನನ್ನ ಕೇಳಿದರೆ ತಾಳ್ಮೆ ಬೇಕಾಗಿರುವುದು ಇಲ್ಲಿ, ಆ 1000 ಕಿಮೀ ಮುಗಿದ ಮೇಲೂ.

ಹೈವೇಗೆ ಧೈರ್ಯವಾಗಿ ಹೋಗಿ. ಒಂದೇ ಶರತ್ತು: ಕ್ರೂಸ್ ಕಂಟ್ರೋಲ್ ಮುಟ್ಟಬೇಡಿ. ಒಂದೇ ಸ್ಪೀಡಿನಲ್ಲಿ ಗಂಟೆಗಟ್ಟಲೆ ಹೋಗುವುದು ಹೊಸ ಎಂಜಿನ್‌ಗೆ ಒಳ್ಳೆಯದಲ್ಲ. 70ಕ್ಕೆ ಬನ್ನಿ, 90ಕ್ಕೆ ಹೋಗಿ, ಆಗಾಗ ಒಂದು ಗೇರ್ ಇಳಿಸಿ ಓಡಿಸಿ. ಗಾಡಿ ತುಂಬಾ ಜನ ಇರುವುದರಿಂದ ಏರಿನಲ್ಲಿ ಸಮಯಕ್ಕೆ ಮೊದಲೇ ಗೇರ್ ಇಳಿಸಿ.

ಉತ್ತರ: ದೂರದಾರಿ

ಮೇಲಿನವರು ಎಂಜಿನ್ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ಮನೆಮಂದಿ ಜೊತೆ ಹೋಗುತ್ತಿದ್ದೀರಿ, ಹಾಗಾಗಿ ಬ್ರೇಕ್ ಮತ್ತು ಟೈರ್ ಬಗ್ಗೆ ನನ್ನದೊಂದು ಮಾತು. ಇವೂ ಹೊಸವೇ ಅಲ್ವಾ?

ಹೊಸ ಬ್ರೇಕ್ ಪ್ಯಾಡ್ ಡಿಸ್ಕ್‌ಗೆ ಪೂರ್ತಿ ತಾಗಿ ಹೊಂದಿಕೊಳ್ಳಲು ಸುಮಾರು 300 ಕಿಮೀ ಬೇಕು. ಅಲ್ಲಿಯ ತನಕ ಹಿಡಿತ ಸ್ವಲ್ಪ ಕಡಿಮೆಯೇ. ಹೊಸ ಟೈರ್ ಮೇಲ್ಮೈ ಕೂಡ ನುಣುಪು. ಮಳೆಯಲ್ಲಿ ಅದು ಗೊತ್ತಾಗುತ್ತದೆ. ನೀವು ಇನ್ನೂ 200 ದಾಟಿಲ್ಲ ಎಂದಿರಿ. ಹೊರಡುವ ಮುಂಚೆ ಒಬ್ಬರೇ ಹೋಗಿ, ಹಿಂದೆ ಯಾರೂ ಇಲ್ಲದ ರಸ್ತೆಯಲ್ಲಿ 60ರಿಂದ 20ಕ್ಕೆ ಮಧ್ಯಮ ಬ್ರೇಕ್ ಹಾಕಿ ಇಳಿಸಿ, ಮತ್ತೆ ವೇಗ ತಗೊಳ್ಳಿ. ಹೀಗೆ ಕೆಲವು ಸಲ. ಕೊನೆಗೆ ಬ್ರೇಕ್ ಒತ್ತಿ ಹಿಡಿದು ನಿಲ್ಲಿಸಿಡಬೇಡಿ, ಗಾಳಿಗೆ ತಣ್ಣಗಾಗಲು ಸ್ವಲ್ಪ ದೂರ ಓಡಿಸಿ. ಹೈವೇಯಲ್ಲಿ ಮುಂದಿನ ಗಾಡಿಗೆ ಮಾಮೂಲಿಗಿಂತ ಜಾಸ್ತಿ ಅಂತರ ಬಿಡಿ.

ಬಾನೆಟ್ ಕಡೆಯಿಂದ ಏನೋ ಸುಟ್ಟ ವಾಸನೆ ಬಂದರೆ ಗಾಬರಿ ಬೇಡ. ಹೊಸ ಎಕ್ಸಾಸ್ಟ್ ಪೈಪಿನ ಮೇಲಿನ ಲೇಪನ ಬಿಸಿಗೆ ಹೋಗುವಾಗ ಹಾಗಾಗುತ್ತದೆ. ಹೊಗೆ ನಿಲ್ಲದೆ ಬರುತ್ತಿದ್ದರೆ, ಅಥವಾ ಕೆಳಗೆ ತೊಟ್ಟಿಕ್ಕಿದ ಗುರುತಿದ್ದರೆ ಮಾತ್ರ ನಿಲ್ಲಿಸಿ ತೋರಿಸಿ.

ಉತ್ತರ: ಮುಂದಿನ ಗೇರ್

ನಾನು ಭಾವನ ಪಕ್ಷ. ಈಗೆಲ್ಲ ಹೋನಿಂಗ್ ಫ್ಯಾಕ್ಟರಿಯಲ್ಲೇ ಎಷ್ಟು ನಾಜೂಕಾಗಿ ಆಗುತ್ತದೆ ಎಂದರೆ ಏಣುಗಳನ್ನು ಅಲ್ಲೇ ಚಪ್ಪಟೆ ಮಾಡಿ ಕಳಿಸುತ್ತಾರೆ. ಆಯಿಲ್ ಕೂಡ ಮೊದಲಿನದ್ದಲ್ಲ. ರನ್-ಇನ್ ಅನ್ನುವುದು ಹಳೇ ಕಾಲದ ಅಭ್ಯಾಸ ಅನಿಸುತ್ತದೆ. ಮೊದಲ ದಿನದಿಂದ ಬೇಕಾದ ಹಾಗೆ ಓಡಿಸಿದ್ದೇನೆ, ಆಯಿಲ್ ಒಂದು ಹನಿ ಕಡಿಮೆ ಆಗಿಲ್ಲ.

ಉತ್ತರ: ಬೋರಿಂಗ್ ಕೆಲಸದವ

ನೀವು ಹೇಳಿದ್ದರಲ್ಲಿ ನಿಜ ಇದೆ, ಒಪ್ಪುತ್ತೇನೆ. ಹೋನಿಂಗ್ ಆದ ಮೇಲೆ ಇನ್ನೂ ನಯವಾದ ಕಲ್ಲಿನಲ್ಲಿ ಏಣು ಚಪ್ಪಟೆ ಮಾಡುವ ಪದ್ಧತಿ ಈಗ ಮಾಮೂಲು. 1950ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹೊಸ ಕಾರಿನ ಹಿಂದಿನ ಗಾಜಿಗೆ "ರನ್ನಿಂಗ್ ಇನ್, ಪ್ಲೀಸ್ ಪಾಸ್" ಎಂದು ಚೀಟಿ ಅಂಟಿಸಿಕೊಂಡು ಹೋಗುತ್ತಿದ್ದರು. ಅಷ್ಟು ನಿಧಾನದ ಅಗತ್ಯ ಈಗ ಇಲ್ಲವೇ ಇಲ್ಲ.

ಆದರೆ ಕೆಲಸ ಕಡಿಮೆಯಾಗಿದೆ, ಮುಗಿದಿಲ್ಲ. ಮುಗಿದಿದ್ದರೆ ಕಂಪನಿಗಳು ಯಾಕೆ ಮಿತಿ ಹಾಕುತ್ತವೆ? ಜಪಾನಿನ ಸುಬಾರು ಕಂಪನಿಯ ಪುಸ್ತಕದಲ್ಲಿ ಮೊದಲ 1600 ಕಿಮೀ 4000 ಆರ್‌ಪಿಎಂ ದಾಟಬೇಡಿ ಎಂದಿದೆ. ಬಿಎಂಡಬ್ಲ್ಯೂ ಪೆಟ್ರೋಲ್ ಗಾಡಿಗಳಿಗೆ 2000 ಕಿಮೀ ತನಕ 4500 ಆರ್‌ಪಿಎಂ, ಗಂಟೆಗೆ 160 ಕಿಮೀ ವೇಗದ ಮಿತಿ. ಇವರಿಗೆ ತಮ್ಮ ಹೋನಿಂಗ್ ಬಗ್ಗೆ ಗೊತ್ತಿಲ್ಲದೆ ಬರೆದದ್ದಲ್ಲ. ಸೆಟ್ ಆಗುವುದು ರಿಂಗ್ ಒಂದೇ ಅಲ್ಲ. ಬೇರಿಂಗ್, ಕ್ಯಾಮ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್‌ನ ಹಲ್ಲುಗಳು, ಎಲ್ಲ ಸೇರಿವೆ. ನಿಮ್ಮ ಗಾಡಿ ಚೆನ್ನಾಗಿರುವುದು ಸಂತೋಷ. ಆದರೂ ಹೊಸಬರಿಗೆ ಅದನ್ನೇ ಮಾಡಿ ಎಂದು ನಾನು ಹೇಳಲಾರೆ.

ಪ್ರತಿಕ್ರಿಯೆ: ಹೊಸಗಾಡಿ

ಎಲ್ಲರಿಗೂ ಧನ್ಯವಾದ. ಪುಸ್ತಕ ತೆಗೆದು ಓದಿದೆ. ಒಂದೇ ಸ್ಪೀಡಿನಲ್ಲಿ ತುಂಬಾ ಹೊತ್ತು ಹೋಗಬೇಡಿ ಎಂದು ಅದರಲ್ಲೂ ಇದೆ. ಬ್ರೇಕ್ ದೂರದಾರಿಯವರು ಹೇಳಿದ ಹಾಗೇ ಮಾಡಿಕೊಂಡು ಹೊರಟೆವು. ಹೈವೇ ಪ್ರಯಾಣ ಚೆನ್ನಾಗಿ ಆಯಿತು. ಗೇರ್ ಇಳಿಸಿ ಓಡಿಸಲು ಶುರು ಮಾಡಿದ ಮೇಲೆ ಆ ಗುರುಗುರು ನಿಂತಿದೆ. ಅಪ್ಪನಿಗೂ ಮುಳ್ಳು ತೋರಿಸಿ ಹೇಳಿದೆ, ಒಪ್ಪಿದರು.

ಒಂದು ಆತಂಕ. ವಾಪಸ್ ಬಂದು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ನೋಡಿದರೆ ಆಯಿಲ್ ಮೇಲಿನ ಗುರುತಿಗಿಂತ ಸ್ವಲ್ಪ ಕೆಳಗೆ ಬಂದಿದೆ. ಮೈಲೇಜ್ ಕೂಡ ಹೇಳಿದಷ್ಟು ಸಿಗುತ್ತಿಲ್ಲ. ಆಯಿಲ್ ಈಗಲೇ ಬದಲಾಯಿಸಲಾ?

ಉತ್ತರ: ಬೋರಿಂಗ್ ಕೆಲಸದವ

ರಿಂಗ್ ಪೂರ್ತಿ ಸೆಟ್ ಆಗುವ ತನಕ ಸ್ವಲ್ಪ ಆಯಿಲ್ ಹೋಗುವುದು ಸಹಜ. ಮೈಲೇಜ್ ಕೂಡ ಕೆಲವು ಸಾವಿರ ಕಿಮೀ ಆದ ಮೇಲೆಯೇ ಸುಧಾರಿಸುವುದು, ಈಗಲೇ ಲೆಕ್ಕ ಹಾಕಬೇಡಿ.

ಮೊದಲು ನೋಡುವ ಕ್ರಮ ಸರಿ ಇದೆಯಾ ಖಚಿತ ಮಾಡಿಕೊಳ್ಳಿ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಬಿಸಿ ಎಂಜಿನ್ ಆಫ್ ಮಾಡಿ ಐದಾರು ನಿಮಿಷ ಬಿಡಿ, ಆಯಿಲ್ ಕೆಳಗಿಳಿಯಲಿ. ಕಡ್ಡಿ ಎಳೆದು ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ, ಎಳೆದು ನೋಡಿ. ಮೊದಲ ಸಲ ಎಳೆದಾಗ ಕಾಣುವುದನ್ನು ನಂಬಬೇಡಿ, ಅದು ಕೊಳವೆಗೆ ಅಂಟಿದ ಆಯಿಲ್ ಬಳಿದುಕೊಂಡಿರುತ್ತದೆ. ಎರಡು ಗುರುತಿನ ನಡುವೆ ಎಲ್ಲಿದ್ದರೂ ಸರಿ. ತುಂಬಾ ಗಾಡಿಗಳಲ್ಲಿ ಆ ಎರಡು ಗುರುತಿನ ನಡುವಿನ ಅಂತರ ಸುಮಾರು 1 ಲೀಟರ್. ಕಡಿಮೆಯಾಯಿತು ಎಂದು ಮೇಲಿನ ಗುರುತು ದಾಟಿಸಿ ಸುರಿಯಬೇಡಿ. ಜಾಸ್ತಿಯಾದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಅದರಲ್ಲಿ ಬಡಿದು ನೊರೆ ಬರಿಸುತ್ತದೆ. ನೊರೆ ಆಯಿಲ್ ಬೇರಿಂಗ್ ಕಾಯುವುದಿಲ್ಲ.

ಬದಲಾಯಿಸುವ ವಿಷಯದಲ್ಲಿ ಕಂಪನಿಗಳದ್ದೇ ಬೇರೆ ಬೇರೆ ಮಾತು. ಬಿಎಂಡಬ್ಲ್ಯೂನ "ಎಂ" ಹೆಸರಿನ ಸ್ಪೋರ್ಟ್ಸ್ ಗಾಡಿಗಳಿಗೆ 2000 ಕಿಮೀ ಹೊತ್ತಿಗೆ ರನ್-ಇನ್ ಸರ್ವಿಸ್ ಮಾಡಿಸಿ ಆಯಿಲ್ ಬದಲಾಯಿಸಲೇಬೇಕು. ಹೋಂಡಾ ಮೊದಲ ಆಯಿಲ್ ಅನ್ನು ಸರ್ವಿಸ್ ಸಮಯಕ್ಕಿಂತ ಮೊದಲು ಬದಲಾಯಿಸಬೇಡಿ ಎನ್ನುತ್ತದೆ. ಅದಕ್ಕೇ ನಿಮ್ಮ ಪುಸ್ತಕದಲ್ಲಿ ಇರುವುದನ್ನು ಮಾಡಿ. ಬದಲಾಯಿಸುವಾಗ ಫಿಲ್ಟರ್ ಕೂಡ ಹೊಸದೇ ಹಾಕಿಸಿ, ಸವೆದ ಲೋಹದ ಪುಡಿ ಸಿಕ್ಕಿಕೊಂಡಿರುವುದು ಅದರಲ್ಲೇ.

ಅಲ್ಲಿಯ ತನಕ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ, ಕಿಮೀ ಮತ್ತು ಮಟ್ಟ ಎರಡನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಇಳಿಯುವುದು ಬರಬರುತ್ತಾ ಕಡಿಮೆಯಾದರೆ ಸರಿ. 5000 ಕಿಮೀ ಆದ ಮೇಲೂ ಒಂದೇ ಸಮನೆ ಇಳಿಯುತ್ತಿದ್ದರೆ ಆ ಲೆಕ್ಕ ಹಿಡಿದುಕೊಂಡು ಸರ್ವಿಸ್ ಸೆಂಟರ್‌ಗೆ ಹೋಗಿ, ವಾರಂಟಿಯಲ್ಲಿ ನೋಡಲು ಕೇಳಿ.