ಹಿಮ್ಮಡಿ ಮೇಲಿನ ನೋವು: ಆರು ವಾರ ರೆಸ್ಟ್ ಮಾಡಿದರೂ ವಾಪಸ್ ಬರುತ್ತಿದೆ

ಪ್ರಶ್ನೆ
ವಯಸ್ಸು 41. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾರಕ್ಕೆ ನಾಲ್ಕು ದಿನ ಓಡುತ್ತೇನೆ. ಎಡಗಾಲಿನ ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲೆ ದಪ್ಪ ನರದ ಹಾಗೆ ಕೈಗೆ ಸಿಗುತ್ತದಲ್ಲ, ಅಲ್ಲಿ ನೋವು. ಹಿಂಡಿ ನೋಡಿದರೆ ಗಂಟಿನಂತೆ ಊದಿದೆ. ಬೆಳಿಗ್ಗೆ ಮಂಚದಿಂದ ಇಳಿದರೆ ಮೊದಲ ಹತ್ತು ಹೆಜ್ಜೆ ಕುಂಟಬೇಕು, ಆಮೇಲೆ ಸಡಿಲ ಆಗುತ್ತದೆ. ಆರು ವಾರ ಓಟ ಪೂರ್ತಿ ನಿಲ್ಲಿಸಿದೆ, ನೋವು ಹೋಯಿತು. ಮತ್ತೆ 5 ಕಿ.ಮೀ. ಓಡಿದ ಮಾರನೇ ದಿನ ಅದೇ ಕಥೆ. ಹೋದ ತಿಂಗಳು ಈಳಿಗೆಯಲ್ಲಿ ಬೆರಳು ಕುಯ್ದುಕೊಂಡಿದ್ದೆ, ಹತ್ತೇ ದಿನದಲ್ಲಿ ಕೂಡಿತು. ಕಾಲು ಯಾಕೆ ಹೀಗೆ?

ಉತ್ತರ
ನಾನೂ ಇದರ ಜೊತೆ ಎಂಟು ತಿಂಗಳು ಒದ್ದಾಡಿದ್ದೇನೆ. ಅದು ನರ ಅಲ್ಲ, ಅಕಿಲಿಸ್ ಟೆಂಡನ್. ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ಹಗ್ಗ. ಬೆರಳಿನ ಚರ್ಮಕ್ಕೆ ರಕ್ತ ಧಾರಾಳ, ಹೊಸ ಜೀವಕೋಶಗಳು ದಿನಾ ಹುಟ್ಟುತ್ತಿರುತ್ತವೆ. ಈ ಹಗ್ಗದಲ್ಲಿ ಜಾಸ್ತಿ ಇರುವುದು ಕೊಲಾಜೆನ್ ನಾರು. ಜೀವಕೋಶ ಕಮ್ಮಿ, ರಕ್ತವೂ ಕಮ್ಮಿ.

ಎಷ್ಟು ನಿಧಾನ ಅಂದರೆ, 2013ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಪ್ರಕಟಿಸಿದ್ದನ್ನು ಕೇಳಿ. 1955ರಿಂದ 1963ರವರೆಗಿನ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಅನ್ನುವ ವಿಕಿರಣಶೀಲ ಇಂಗಾಲ ವಿಪರೀತ ಏರಿತ್ತು, ಊಟದ ಮೂಲಕ ಎಲ್ಲರ ಮೈಗೂ ಸೇರಿತ್ತು. ಅದನ್ನು ಅಳೆದರೆ ಯಾವ ನಾರು ಯಾವ ಕಾಲದ್ದು ಅಂತ ಗೊತ್ತಾಗುತ್ತದೆ. ಅಕಿಲಿಸ್‌ನ ಒಳತಿರುಳು ಸುಮಾರು 17ನೇ ವಯಸ್ಸಿನೊಳಗೆ ಕಟ್ಟಿದ್ದೇ, ಆಮೇಲೆ ಹೆಚ್ಚುಕಮ್ಮಿ ಬದಲಾಗಿಯೇ ಇಲ್ಲ! ಹೀಗೆ ಪರೀಕ್ಷಿಸಿದ ಜನರ ಸ್ನಾಯು ಮಾತ್ರ ಹೊಸದಾಗುತ್ತಲೇ ಇತ್ತು. ಓದಿದ ದಿನ ನನ್ನ ಕಾಲನ್ನೇ ನೋಡುತ್ತಾ ಕೂತಿದ್ದೆ.

ಹಾಗಾಗಿ ಸುಮ್ನೆ ಕೂತರೆ ನೋವು ತಣ್ಣಗಾಗುತ್ತದೆ, ಹಗ್ಗಕ್ಕೆ ಶಕ್ತಿ ಬರುವುದಿಲ್ಲ. ಹದವಾಗಿ ಎಳೆದರೇನೇ ಅಲ್ಲಿನ ಜೀವಕೋಶಗಳು ಕೆಲಸಕ್ಕೆ ಇಳಿಯುವುದು.

1998ರಲ್ಲಿ ಸ್ವೀಡನ್‌ನ ಹೋಕನ್ ಆಲ್ಫ್ರೆಡ್‌ಸನ್ ತಂಡ ತೋರಿಸಿದ ವ್ಯಾಯಾಮ ಮಾಡಿ. ಮೆಟ್ಟಿಲಿನ ಅಂಚಿಗೆ ಕಾಲಿನ ಮುಂಭಾಗ ಇಡಿ. ಎರಡೂ ಕಾಲಲ್ಲಿ ಮೇಲೆದ್ದು, ಭಾರವೆಲ್ಲ ನೋವಿನ ಕಾಲಿಗೆ ಹಾಕಿ ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸಿ. ಮಂಡಿ ನೇರವಾಗಿಟ್ಟು 15ರಂತೆ ಮೂರು ಸಲ, ಸ್ವಲ್ಪ ಮಡಚಿ ಮೂರು ಸಲ. ದಿನಕ್ಕೆರಡು ಹೊತ್ತು, 12 ವಾರ. ಸಲೀಸಾದ ಮೇಲೆ ಬೆನ್ನಿನ ಬ್ಯಾಗಿಗೆ ಅಕ್ಕಿ ತುಂಬಿ ಭಾರ ಏರಿಸಿ. ನಾನು 5 ಕೆ.ಜಿ.ಯಿಂದ ಶುರು ಮಾಡಿದೆ.

ಪ್ರಶ್ನೆ ಕೇಳಿದವರು
ಮೂರನೇ ದಿನ. ಇಳಿಸುವಾಗ ನೋಯುತ್ತದೆ. ನಿಲ್ಲಿಸಲಾ? ಇನ್ನೊಂದು ಹೇಳೋದು ಮರೆತಿದ್ದೆ. ನೋವು ಶುರುವಾಗುವ ಮುಂಚೆ ಮೂತ್ರದ ಸೋಂಕಿಗೆ ಸಿಪ್ರೊಫ್ಲಾಕ್ಸಾಸಿನ್ ತಗೊಂಡಿದ್ದೆ.

ಉತ್ತರ
ಸ್ವಲ್ಪ ನೋವು ಪರವಾಗಿಲ್ಲ ಅನ್ನೋಣ ಅಂತಿದ್ದೆ, ಆದರೆ ಮಾತ್ರೆ ವಿಷಯ ಕೇಳಿ ಬೇಡ ಅನ್ನಿಸಿತು. ವ್ಯಾಯಾಮ ಈಗಲೇ ನಿಲ್ಲಿಸಿ. ಆ ಗುಂಪಿನ ಔಷಧಿಯಿಂದ ಟೆಂಡನ್ ಊದಬಹುದು, ಹರಿಯಲೂಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದೆ. ಮೂಳೆ ಡಾಕ್ಟರಿಗೆ ಮಾತ್ರೆಯ ಹೆಸರು, ತಗೊಂಡ ದಿನ ಎರಡೂ ಹೇಳಿ. ನಡುವೆ ಟಪ್ ಅಂತ ಸದ್ದಾಗಿ ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು
ತೋರಿಸಿದೆ. ಸ್ಕ್ಯಾನ್‌ನಲ್ಲಿ ಹರಿದಿಲ್ಲ. ಒಂದು ತಿಂಗಳು ಬಿಟ್ಟು, ಭಾರವಿಲ್ಲದೆ ಎರಡೂ ಕಾಲಲ್ಲಿ ಶುರು ಮಾಡಲು ಹೇಳಿದರು. ಈಗ ಒಂಬತ್ತನೇ ವಾರ. ಬೆಳಿಗ್ಗೆ ಕುಂಟುವುದು ನಿಂತಿದೆ, ಗಂಟು ಮಾತ್ರ ಹಾಗೇ ಇದೆ.

ಉತ್ತರ
ನೋವು ಹೋದ ಮೇಲೂ ಗಂಟು ಬಹಳ ದಿನ ಉಳಿಯಬಹುದು, ನನ್ನದು ಇನ್ನೂ ಕೈಗೆ ಸಿಗುತ್ತದೆ. 12 ವಾರ ಮುಗಿಸಿ, ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ.